ಡಂಗುರ ಸಾರಿದರೆ ಜವಾಬ್ದಾರಿ ಮುಗಿಯುವುದಿಲ್ಲ

ಅಂಗಡಿಯ ವೆಬ್ ಆ್ಯಪ್‌ನಲ್ಲಿ ಗ್ರಾಹಕ ಒಂದು ಸಾಮಾನನ್ನು ಕಾರ್ಟ್‌ಗೆ ಸೇರಿಸುತ್ತಾನೆ. ಪುಟದ ಮೇಲ್ತುದಿಯಲ್ಲಿರುವ ಸಂಖ್ಯೆ ಒಂದರಿಂದ ಎರಡಾಗಬೇಕು. ಬಟನ್ ಒಂದು ಕಾಂಪೊನೆಂಟ್‌ನಲ್ಲಿದೆ, ಸಂಖ್ಯೆ ಇನ್ನೊಂದರಲ್ಲಿದೆ. ಸುದ್ದಿ ಮುಟ್ಟಿಸುವುದು ಹೇಗೆ? ಎಷ್ಟೋ ತಂಡಗಳು ಹಿಡಿಯುವ ಅಡ್ಡದಾರಿ ಒಂದೇ: ಇಡೀ ಆ್ಯಪ್‌ಗೆ ಒಂದು ಇವೆಂಟ್ ಬಸ್. ಯಾರು ಬೇಕಾದರೂ ಕೂಗಬಹುದು, ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಊರಿಗೆಲ್ಲ ಡಂಗುರ ಸಾರಿದ ಹಾಗೆ.

ಇದಕ್ಕೆ 'ಡಿಕಪ್ಲಿಂಗ್' ಎಂಬ ಗೌರವದ ಹೆಸರೂ ಇದೆ. ಕಾಂಪೊನೆಂಟ್‌ಗಳಿಗೆ ಪರಸ್ಪರ ಪರಿಚಯವೇ ಬೇಕಿಲ್ಲ ಎಂಬುದು ವಾದ. ಆದರೆ ಅವಲಂಬನೆ ಎಲ್ಲಿಗೂ ಹೋಗಿಲ್ಲ, ಅಳಿಸಿಹೋದದ್ದು ಅದರ ದಾಖಲೆ ಮಾತ್ರ. ಆ ಸಂಖ್ಯೆ ಈಗಲೂ ಆ ಬಟನ್ನನ್ನೇ ನಂಬಿ ಕೂತಿದೆ. ಇವೆಂಟ್‌ನ ಹೆಸರು ಬರೀ ಸ್ಟ್ರಿಂಗ್ ಆಗಿದ್ದರೆ, ಅದರಲ್ಲಿ ಒಂದಕ್ಷರ ತಪ್ಪಿದರೂ ಎರರ್ ಬರುವುದಿಲ್ಲ. ಏನೂ ಆಗುವುದಿಲ್ಲ, ಅಷ್ಟೇ. ಏನೂ ಆಗದ ತಪ್ಪನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಹುಡುಕಿದವರಿಗೇ ಗೊತ್ತು.

ಫ್ರೇಮ್‌ವರ್ಕ್ ಕಟ್ಟಿದವರು ಈ ಪಾಠ ಕಲಿತಾಗಿದೆ. ಆ್ಯಂಗ್ಯುಲರ್‌ಜೆಎಸ್‌ನಲ್ಲಿ ರೂಟ್‌ಸ್ಕೋಪ್‌ನ ಬ್ರಾಡ್‌ಕಾಸ್ಟ್ ಡಂಗುರದ ಕೆಲಸ ಮಾಡುತ್ತಿತ್ತು. 2016ರ ಆ್ಯಂಗ್ಯುಲರ್ 2ರಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ವ್ಯೂನಲ್ಲಿ ಖಾಲಿ ಇನ್‌ಸ್ಟನ್ಸ್ ಒಂದನ್ನೇ ಬಸ್ ಮಾಡಿಕೊಳ್ಳುವ ರೂಢಿಯಿತ್ತು. 2020ರಲ್ಲಿ ಬಂದ ವ್ಯೂ 3, ಅದಕ್ಕೆ ಬೇಕಾದ ಆನ್, ಆಫ್, ಒನ್ಸ್ ಮೆಥಡ್‌ಗಳನ್ನೇ ಕಿತ್ತುಹಾಕಿತು. ಬಾಗಿಲು ಮುಚ್ಚಿದರೆ ಜನ ಕಿಟಕಿಯಿಂದ ಬಂದರು: ಮಗು ಕಾಂಪೊನೆಂಟ್ ತನ್ನ ಪೇರೆಂಟ್‌ಗೆ ಸುದ್ದಿ ಹೇಳಲೆಂದು ಇರುವ ಇವೆಂಟ್‌ಎಮಿಟರನ್ನು ಸರ್ವಿಸ್‌ನೊಳಗಿಟ್ಟು ಮತ್ತೆ ಡಂಗುರ ಶುರು ಮಾಡಿದರು.

ಇದರ ಬೆಲೆ ಸಣ್ಣದಲ್ಲ. ರೂಟ್‌ನಲ್ಲಿರುವ ಸರ್ವಿಸ್ ಆ್ಯಪ್ ಇರುವವರೆಗೂ ಬದುಕುತ್ತದೆ, ಕಾಂಪೊನೆಂಟ್ ಪುಟ ಬದಲಾದೊಡನೆ ಸಾಯುತ್ತದೆ. ಸಾಯುವಾಗ ಸಬ್‌ಸ್ಕ್ರಿಪ್ಷನ್ ಕಳಚದಿದ್ದರೆ ಅದರ ದೆವ್ವ ಉಳಿಯುತ್ತದೆ. ಬಳಕೆದಾರ ಅದೇ ಪುಟಕ್ಕೆ ಮೂರು ಸಲ ಬಂದರೆ ಕೇಳುವವರು ಮೂವರು, ಒಂದು ಕ್ಲಿಕ್‌ಗೆ ರಿಕ್ವೆಸ್ಟ್ ಮೂರು. ಆ ರಿಕ್ವೆಸ್ಟ್ ಹಣ ಕಟ್ಟುವುದಾದರೆ?

ದಾರಿ ಇಲ್ಲದೇನಿಲ್ಲ. ಕಾರ್ಟ್‌ನ ಸ್ಥಿತಿ ಒಂದು ಸರ್ವಿಸ್‌ನ ಒಡೆತನದಲ್ಲಿರಲಿ. ಬದಲಾಯಿಸಲು 'ಸೇರಿಸು', 'ತೆಗೆ' ಎಂಬ ಮೆಥಡ್‌ಗಳಿರಲಿ, ಸಬ್ಜೆಕ್ಟ್ ಒಳಗೇ ಇದ್ದು ಹೊರಗಿನವರಿಗೆ ಓದಲು ಮಾತ್ರ ಅಬ್ಸರ್ವೆಬಲ್ ಸಿಗಲಿ. ಬರೀ ಸಬ್ಜೆಕ್ಟ್ ಆದರೆ ತಡವಾಗಿ ಬಂದವನಿಗೆ ಹಿಂದಿನ ಸುದ್ದಿ ತಿಳಿಯದು. ಬಿಹೇವಿಯರ್‌ಸಬ್ಜೆಕ್ಟ್ ಅಥವಾ ಸಿಗ್ನಲ್ ಆದರೆ ಈಗಿನ ಬೆಲೆ ತಕ್ಷಣ ಕೈಗೆ ಬರುತ್ತದೆ.

ಲಾಗೌಟ್‌ನಂಥ ಸುದ್ದಿ ನಿಜವಾಗಿಯೂ ಎಲ್ಲರಿಗೂ ಬೇಕು ಎಂದರೆ ಒಪ್ಪಬಹುದು. ಆಗಲೂ ಆ ಇವೆಂಟ್‌ಗಳಿಗೆ ಟೈಪ್ ಇರಲಿ, ಪಟ್ಟಿ ಒಂದೇ ಫೈಲಿನಲ್ಲಿರಲಿ. ಬಸ್ ಕಟ್ಟಿದವರು ಅಷ್ಟರಲ್ಲಿ ಬೇರೆ ಕಂಪನಿ ಸೇರಿರುತ್ತಾರೆ. ರಾತ್ರಿ ಹನ್ನೊಂದಕ್ಕೆ ಪುಣೆಯಲ್ಲೋ ಹೈದರಾಬಾದಿನಲ್ಲೋ 'ಇದನ್ನು ಕೂಗಿದ್ದು ಯಾರು?' ಎಂದು ಕೋಡ್ ತಡಕುವುದು ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ. ಅವಳಿಗೆ ಉತ್ತರ ಕೋಡಿನಲ್ಲೇ ಸಿಗಬೇಕು.