ಕಾಗದವಿಲ್ಲದವರ ಕಾಯಿಲೆ

ರೋಗಿಯ ನಾಡಿ ಹಿಡಿಯುವ ಮುನ್ನ ವೈದ್ಯನು ಅವನ ಊರು ಯಾವುದೆಂದು ಕೇಳುವುದುಂಟು. ರೋಗದ ಮೂಲವನ್ನರಿಯಲು ಅದು ನೆರವಾಗುತ್ತದೆ. ಆದರೆ ಅಮೇರಿಕೆಯಲ್ಲಿ ಲಕ್ಷಾಂತರ ಬಡವರು ಈ ಪ್ರಶ್ನೆಗೆ ರೋಗಕ್ಕಿಂತ ಹೆಚ್ಚಾಗಿ ಅಂಜುತ್ತಾರೆ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಆ ದೇಶದಲ್ಲಿದ್ದಾರೆ. ವೀಸಾ, ಗ್ರೀನ್ ಕಾರ್ಡ್ ಎಂಬ ಮಾತುಗಳು ನಮ್ಮ ಮನೆಗಳಿಗೂ ಹೊಸವಲ್ಲ. ಅದೇ ಊರುಗಳ ಹೊಲಗಳಲ್ಲಿ ದ್ರಾಕ್ಷಿ ಕೊಯ್ಯುವವರು, ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು, ಮನೆಗಳ ಛಾವಣಿ ಹೊದಿಸುವವರು ಬಹುಮಟ್ಟಿಗೆ ಮೆಕ್ಸಿಕೊ, ಗ್ವಾಟೆಮಾಲ, ಎಲ್ ಸಾಲ್ವಡಾರ್ ಮುಂತಾದ ಕಡೆಗಳಿಂದ ಬಂದ ಲ್ಯಾಟಿನೋ ಜನರು. ಅವರಲ್ಲಿ ಅನೇಕರ ಬಳಿ ವಾಸದ ಪರವಾನಗಿ ಇಲ್ಲ.

ಇವರನ್ನು ನುಸುಳುಕೋರರೆಂದು ಕರೆದು ಮುಗಿಸುವುದು ಸುಲಭ. ಆದರೆ 1942ರಿಂದ 1964ರವರೆಗೆ ಬ್ರಾಸೆರೋ ಎಂಬ ಯೋಜನೆಯಡಿ ಮೆಕ್ಸಿಕೊದ ರೈತಾಪಿ ಜನರನ್ನು ಒಪ್ಪಂದ ಬರೆಸಿಕೊಂಡು ಕರೆಸಿದ್ದು ಸ್ವತಃ ಅಮೇರಿಕೆಯ ಸರ್ಕಾರವೇ. ಯೋಜನೆ ನಿಂತಿತು, ಹೊಲದ ಕೆಲಸ ನಿಲ್ಲಲಿಲ್ಲ. ಕೈಗಳು ಬೇಕಾಗಿದ್ದವು, ಕೈಗಳ ಹಿಂದಿನ ಮನುಷ್ಯರು ಬೇಡವಾದರು.

ಅಲ್ಲಿಯ ಶಾಸನಗಳನ್ನು ನೋಡೋಣ. ತುರ್ತು ಚಿಕಿತ್ಸೆಗೆಂದು ಬಂದವರನ್ನು, ಅವರು ಯಾರೇ ಆಗಿರಲಿ, ಪರೀಕ್ಷಿಸಿ ಪ್ರಾಣಾಪಾಯದಿಂದ ಪಾರುಮಾಡದೆ ಹೊರಗೆ ಕಳುಹಿಸಕೂಡದೆಂದು 1986ರ ಕಾಯಿದೆ ಆಸ್ಪತ್ರೆಗಳಿಗೆ ವಿಧಿಸಿತು. ಇದು ಮೆಚ್ಚತಕ್ಕದ್ದೇ. ಹತ್ತು ವರ್ಷಗಳ ತರುವಾಯ, 1996ರಲ್ಲಿ ಬಂದ ಇನ್ನೊಂದು ಕಾಯಿದೆ ಪರವಾನಗಿ ಇಲ್ಲದವರಿಗೆ ಕೇಂದ್ರ ಸರ್ಕಾರದ ಬಹುತೇಕ ನೆರವುಗಳನ್ನು ನಿರಾಕರಿಸಿತು. ಗ್ರೀನ್ ಕಾರ್ಡ್ ಪಡೆದವರಲ್ಲಿಯೂ ಹೆಚ್ಚಿನವರು ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ಗಾಗಿ ಐದು ವರ್ಷ ಕಾಯಬೇಕಾಯಿತು. 2010ರ ಆರೋಗ್ಯ ವಿಮೆ ಕಾಯಿದೆಯಂತೂ ಪರವಾನಗಿ ಇಲ್ಲದವರು ತಮ್ಮದೇ ಹಣ ತೆತ್ತರೂ ಸರ್ಕಾರದ ವಿಮಾ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳದಂತೆ ಮಾಡಿತು. (ಮಕ್ಕಳ ಬಳಿ ನೆಲೆಸಲು ಹೋಗುವ ನಮ್ಮ ಹಿರಿಯರೂ ವೃದ್ಧರ ವಿಮೆಗಾಗಿ ಸಾಮಾನ್ಯವಾಗಿ ಐದು ವರ್ಷ ಕಾಯತಕ್ಕವರೇ. ಆದರೆ ಅವರಿಗೆ ದುಡಿಯುವ ಮಗನಿದ್ದಾನೆ, ಮರಳಿ ಬರಲು ಊರೂ ಇದೆ.)

ಈ ಎರಡು ಶಾಸನಗಳ ನಡುವೆ ಸಿಕ್ಕಿದ ರೋಗಿಯ ಅವಸ್ಥೆ ಏನು? ಮೂತ್ರಪಿಂಡಗಳು ಸಂಪೂರ್ಣ ಕೆಟ್ಟವನಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆಗಬೇಕು. 1972ರ ಕಾಯಿದೆಯಿಂದ ಅಲ್ಲಿಯ ಬಹುತೇಕ ಪ್ರಜೆಗಳಿಗೆ ವಯಸ್ಸಿನ ಭೇದವಿಲ್ಲದೆ ಇದರ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಪರವಾನಗಿ ಇಲ್ಲದವನಿಗೆ ಅನೇಕ ರಾಜ್ಯಗಳಲ್ಲಿ ದೊರೆಯುವುದು ತುರ್ತು ಚಿಕಿತ್ಸೆ ಮಾತ್ರ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಗತಿ ತಪ್ಪಬೇಕು, ಇಲ್ಲವೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಬೇಕು. ಆಗ ಯಂತ್ರಕ್ಕೆ ಜೋಡಿಸುತ್ತಾರೆ. ಪರೀಕ್ಷೆಯಲ್ಲಿ ಅಷ್ಟು ಕೆಟ್ಟಿಲ್ಲವೆಂದು ಕಂಡರೆ ಮನೆಗೆ ಕಳುಹಿಸುತ್ತಾರೆ. ಸಾವಿನ ಹೊಸ್ತಿಲನ್ನು ಮುಟ್ಟಿದ ಮೇಲೆ ಚಿಕಿತ್ಸೆ, ಕೆಲವು ದಿನಗಳಲ್ಲಿ ಮತ್ತೆ ಅದೇ ಹೊಸ್ತಿಲು. ಡೆನ್ವರ್ ನಗರದ ವೈದ್ಯೆ ಲಿಲಿಯಾ ಸರ್ವಾಂಟೆಸ್ ಮತ್ತು ಅವರ ಸಂಗಡಿಗರು ಡೆನ್ವರ್, ಹ್ಯೂಸ್ಟನ್, ಸ್ಯಾನ್ ಫ್ರಾನ್ಸಿಸ್ಕೊಗಳ ಇಂತಹ ರೋಗಿಗಳನ್ನು ಹೋಲಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಐದು ವರ್ಷಗಳ ಅವಧಿಯಲ್ಲಿ, ಕ್ರಮವಾಗಿ ಡಯಾಲಿಸಿಸ್ ಪಡೆದವರಿಗಿಂತ ತುರ್ತು ಡಯಾಲಿಸಿಸ್ ಮಾತ್ರ ಪಡೆದವರ ಸಾವಿನ ಅಪಾಯ 14 ಪಟ್ಟು ಹೆಚ್ಚಾಗಿತ್ತು. ಆಸ್ಪತ್ರೆಯಲ್ಲಿ ಮಲಗಿದ ದಿನಗಳೂ ಅವರವೇ ಹಲವು ಪಟ್ಟು ಹೆಚ್ಚು. ಜೀವವೂ ಉಳಿಯಲಿಲ್ಲ, ಹಣವೂ ಉಳಿಯಲಿಲ್ಲವೆಂದ ಮೇಲೆ ಈ ಲೆಕ್ಕವನ್ನು ಬರೆದವರ ಜಾಣತನವನ್ನು ಏನೆಂದು ಹೇಳೋಣ! 2019ರ ಫೆಬ್ರವರಿಯಲ್ಲಿ ಡೆನ್ವರ್ ಇರುವ ಕೊಲೊರಾಡೊ ರಾಜ್ಯವು ನಿಯಮವನ್ನು ತಿದ್ದಿ, ಮೂತ್ರಪಿಂಡ ಕೆಟ್ಟಿರುವುದೇ ತುರ್ತು ಸ್ಥಿತಿಯೆಂದು ಒಪ್ಪಿಕೊಂಡಿತು. ಅಂದಿನಿಂದ ಅಲ್ಲಿ ವಾರಕ್ಕೆ ಮೂರು ಬಾರಿಯ ಡಯಾಲಿಸಿಸ್ ಅವರಿಗೂ ದೊರೆಯುವಂತಾಯಿತು.

ಕಾನೂನು ಮುಟ್ಟದವರನ್ನೂ ಅದರ ಭಯ ಮುಟ್ಟುತ್ತದೆ. ಒಂದೇ ಮನೆಯಲ್ಲಿ ತಂದೆಗೆ ಪರವಾನಗಿ ಇರದು, ತಾಯಿಯ ಅರ್ಜಿ ಕಚೇರಿಯಲ್ಲಿರುತ್ತದೆ, ಮಗು ಅಲ್ಲಿಯೇ ಹುಟ್ಟಿದ ಪ್ರಜೆ. ಸರ್ಕಾರಕ್ಕೆ ಹೊರೆಯಾಗತಕ್ಕವರಿಗೆ ಪ್ರವೇಶವಿಲ್ಲವೆಂಬ ನಿಯಮ ಅಲ್ಲಿ 1882ರಷ್ಟು ಹಳೆಯದು. 2019ರಲ್ಲಿ ಅದನ್ನು ಬಿಗಿಗೊಳಿಸಿ, ಮೆಡಿಕೇಡ್ ಪಡೆದುದನ್ನೂ ಹೊರೆಯೆಂದು ಎಣಿಸುವುದಾಗಿ ಸಾರಲಾಯಿತು. ಮಕ್ಕಳಿಗೂ ಗರ್ಭಿಣಿಯರಿಗೂ ಇದು ಅನ್ವಯಿಸುತ್ತಿರಲಿಲ್ಲ. ಆದರೂ ಅಂಜಿದ ತಾಯ್ತಂದೆಗಳು ಮಕ್ಕಳ ಹೆಸರುಗಳನ್ನೇ ಯೋಜನೆಯಿಂದ ತೆಗೆಸಿದರು. ಆ ನಿಯಮ 2021ರಲ್ಲಿ ರದ್ದಾಯಿತು. ಭಯವನ್ನು ರದ್ದುಪಡಿಸುವ ಆಜ್ಞೆ ಯಾವುದೂ ಇಲ್ಲವಷ್ಟೆ.

ಭಯವು ಮೈಗಿಳಿಯುತ್ತದೆಂಬುದು ಬರಿಯ ಮಾತಲ್ಲ. 2008ರ ಮೇ 12ರಂದು ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನ ಮಾಂಸದ ಕಾರ್ಖಾನೆಯ ಮೇಲೆ ಅಧಿಕಾರಿಗಳು ದಾಳಿಯಿಟ್ಟು 389 ಮಂದಿಯನ್ನು ಬಂಧಿಸಿದರು. ಹೆಚ್ಚಿನವರು ಗ್ವಾಟೆಮಾಲದವರು. ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಆ ರಾಜ್ಯದ ಜನನ ದಾಖಲೆಗಳನ್ನು ಪರಿಶೀಲಿಸಿದರು. ದಾಳಿಯ ನಂತರದ ತಿಂಗಳುಗಳಲ್ಲಿ ಲ್ಯಾಟಿನೋ ತಾಯಂದಿರ ಶಿಶುಗಳು ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಸಂಭವ ಹಿಂದಿನ ವರ್ಷದ ಅದೇ ಅವಧಿಗಿಂತ ಶೇಕಡಾ 24ರಷ್ಟು ಹೆಚ್ಚಿತ್ತು. ಬಿಳಿಯ ತಾಯಂದಿರಲ್ಲಿ ಅಂತಹ ಏರಿಕೆ ಕಾಣಲಿಲ್ಲ. ಪೋಸ್ಟ್‌ವಿಲ್ಲನ್ನು ಕಣ್ಣಿನಿಂದಲೂ ಕಾಣದ, ಅಮೇರಿಕೆಯಲ್ಲಿಯೇ ಹುಟ್ಟಿ ಬೆಳೆದ ಲ್ಯಾಟಿನೋ ತಾಯಂದಿರಲ್ಲಿಯೂ ಈ ಏರಿಕೆ ಕಂಡುಬಂದಿತು. ಇಲ್ಲಿ ನಾವು ಸ್ವಲ್ಪ ಹೊತ್ತು ಓದನ್ನು ನಿಲ್ಲಿಸಿದೆವು. ತಾಯಿಯ ಕೈಯಲ್ಲಿ ಪೌರತ್ವದ ಕಾಗದವಿದ್ದರೂ ಗರ್ಭದ ಕೂಸಿಗೆ ಆ ಭಯ ತಟ್ಟಿತಲ್ಲ!

ಆಸ್ಪತ್ರೆ, ಶಾಲೆ, ಪ್ರಾರ್ಥನಾ ಮಂದಿರಗಳಲ್ಲಿ ವಲಸೆ ಅಧಿಕಾರಿಗಳು ಸಾಮಾನ್ಯವಾಗಿ ಬಂಧನಕ್ಕೆ ತೊಡಗಬಾರದೆಂದು 2011ರಿಂದ ಒಂದು ಸೂಚನೆಯಿತ್ತು. 2025ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಕ್ಯಾಲಿಫೋರ್ನಿಯ ರಾಜ್ಯವು ಮೊದಲು ಮಕ್ಕಳಿಗೆ, ಬಳಿಕ ತರುಣರಿಗೆ, ವೃದ್ಧರಿಗೆ, ಕಡೆಗೆ 2024ರ ಜನವರಿಯಿಂದ ಎಲ್ಲ ವಯಸ್ಸಿನ ಬಡವರಿಗೆ, ಪರವಾನಗಿಯನ್ನು ಕೇಳದೆ ತನ್ನ ಆರೋಗ್ಯ ಯೋಜನೆಯನ್ನು ವಿಸ್ತರಿಸಿತ್ತು. ಎರಡೇ ವರ್ಷಗಳಲ್ಲಿ ಬೊಕ್ಕಸದ ಕೊರತೆಯ ಮಾತು ಬಂದಿತು. 2026ರ ಜನವರಿಯಿಂದ ಪರವಾನಗಿ ಇಲ್ಲದ 19 ವರ್ಷ ತುಂಬಿದವರ ಹೊಸ ದಾಖಲಾತಿಯನ್ನು ನಿಲ್ಲಿಸಲಾಗಿದೆ. ತುರ್ತು ಚಿಕಿತ್ಸೆಯ ಬಾಗಿಲು ಮಾತ್ರ ಅವರಿಗೆ ಮೊದಲಿನಂತೆ ತೆರೆದಿದೆ.