ಕೂಸು ಸಾಯೂದೈತಿ ಅಂತ ಮೊದಲ ಹೇಳ್ರಿ

ಈಗ ನಮ್ಮ ಸಿರಸಂಗಿ ಕಡೆನೂ ಕೊರಿಯಾ ಸೀರಿಯಲ್ ಬಂದಾವ್ರಿ. ಹುಡುಗ್ಯಾರು ಮೊಬೈಲ್‌ನ್ಯಾಗ ಹಚ್ಚತಾರ, ನಾವು ಬಾಜೂಕ ಕುಂತು ಕಾಳು ಹಸನ ಮಾಡಕೋತ ನೋಡತೀವಿ. 2025ರಾಗ ನೆಟ್‌ಫ್ಲಿಕ್ಸ್‌ನ್ಯಾಗ ಬಂದ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರಿನ್ಸ್’ 16 ಕಂತಿನ ಕತಿ. ಜೆಜು ದ್ವೀಪದ ಬಡವರ ಸಂಸಾರ, ಥೇಟ್ ನಮ್ಮದ ಅನಸತೈತಿ. ನಕ್ಕೋತ ನೋಡೂದರೊಳಗ ಬಿರುಗಾಳಿ ಬಂದು ಸಣ್ಣ ಮಗ ತೀರಿಕೊಳ್ಳತಾನ.

ನನ್ನ ಗೆಳತಿ ಒಬ್ಬಾಕಿ ಕೂಸಿನ್ನ ಕಳಕೊಂಡು ಇಪ್ಪತ್ತು ವರ್ಷ ಆತು. ಆ ಕಂತು ನೋಡಿ ಎರಡ ದಿನ ನೆಟ್ಟಗ ಉಣ್ಣಲಿಲ್ಲ. “ಸುಳ್ಳ ಕತಿಗೆ ಯಾಕ ಅಳತಿ?” ಅಂದ್ರು ಮನ್ಯಾಗ. ಕತಿ ಸುಳ್ಳಿರಬಹುದು, ಆಕಿ ದುಃಖ ಸುಳ್ಳಲ್ಲ.

2021ರ ಸರಕಾರದ ನಿಯಮದಾಗ ಇಂಥಾವಕ್ಕ 7+, 13+, 16+ ಅಂತ ವಯಸ್ಸು ಹಾಕಬೇಕು, ಒಳಗ ಎಂಥಾದು ಐತಿ ಅನ್ನೂದೂ ತಿಳಸಬೇಕು. ಹೊಡೆದಾಟ, ಬೈಗುಳ, ಅಮಲು ಸಣ್ಣ ಹುಡುಗರಿಗೆ ಬ್ಯಾಡ, ಖರೆ. ಆದ್ರ ಐವತ್ತು ದಾಟಿದ ತಾಯಿಗೆ 13+ ಅನ್ನೂ ಅಂಕಿ ಏನ ಹೇಳತೈತಿ?

ಮೊದಲ ಹೇಳಿದ್ರ ರುಚಿ ಕೆಡತೈತಿ ಅಂತಾರ. ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಾಗ ಸಂಗ್ಯಾನ ಕೊಲಿ ಆಗತೈತಿ ಅಂತ ಊರಿಗೆಲ್ಲಾ ಗೊತ್ತು. ಆದ್ರೂ ಬೆಳತನಕ ಕುಂತು ನೋಡತಾರಲ್ಲ?

ಬಂದ್ ಮಾಡ್ರಿ ಅನ್ನಂಗಿಲ್ಲ ನಾ. ಮೊದಲ ನೋಡಿದವರು ಒಂದ ಮಾತು ಕೇಳ್ರಿ: “ಅವ್ವಾ, ಮುಂದ ಕೂಸು ಹೋಗತೈತಿ, ನೋಡತೀ ಏನ?” ನೋಡೂದು ಬಿಡೂದು ಆಕಿಗೆ ಬಿಡ್ರಿ.