ಕಪ್ಪು ಚುಕ್ಕೆ ಮುಟ್ಟಿದರೆ ಫೋನ್ ಹ್ಯಾಂಗ್ ಆಗುತ್ತಾ? ಕಂಪ್ಯೂಟರ್ ಅಕ್ಷರ ಓದುವ ಬಗೆ ತಿಳಿದರೆ ಉತ್ತರ ಸಿಗುತ್ತದೆ

2018ರ ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಕಪ್ಪು ಚುಕ್ಕೆ ಓಡಾಡಿತು. ‘ಇದನ್ನು ಮುಟ್ಟಿದರೆ ವಾಟ್ಸ್‌ಆ್ಯಪ್ ಹ್ಯಾಂಗ್ ಆಗುತ್ತದೆ’ ಎಂದು ಆ ಮೆಸೇಜೇ ಹೇಳುತ್ತಿತ್ತು. ಮುಟ್ಟಿದವರ ಆಂಡ್ರಾಯ್ಡ್ ಫೋನ್‌ನಲ್ಲಿ ಆ್ಯಪ್ ನಿಜವಾಗಿಯೂ ನಿಂತುಬಿಡುತ್ತಿತ್ತು. ಅದಕ್ಕೂ ಒಂದು ವರ್ಷ ಮೊದಲು ಇನ್ನೊಂದು ಫಾರ್ವರ್ಡ್ ಹರಡಿತ್ತು: ‘ಮಾರ್ಟಿನೆಲ್ಲಿ’ ಎಂಬ ವಿಡಿಯೊ ಬರಲಿದೆ, ತೆರೆದರೆ ಫೋನ್ ಹ್ಯಾಕ್ ಆಗುತ್ತದೆ, ಏನು ಮಾಡಿದರೂ ಸರಿಹೋಗುವುದಿಲ್ಲ ಎಂದು. ಅಂಥ ವಿಡಿಯೊ ಇರಲೇ ಇಲ್ಲ. ಆದರೂ ಆ ಎಚ್ಚರಿಕೆ ಇಂದಿಗೂ ಆಗಾಗ ತಲೆ ಎತ್ತುತ್ತದೆ.

ಎರಡರ ಧಾಟಿಯೂ ಒಂದೇ. ಒಂದು ನಿಜ, ಇನ್ನೊಂದು ಸುಳ್ಳು. ಹಾಗಾದರೆ ಒಂದು ಮೆಸೇಜು ಫೋನನ್ನು ಕೆಡಿಸಬಲ್ಲದೇ? ಇದಕ್ಕೆ ಉತ್ತರ ಸಿಗಬೇಕಾದರೆ ಪ್ರೋಗ್ರಾಂ ಒಂದು ಬರಹವನ್ನು ಹೇಗೆ ಓದುತ್ತದೆ ಎಂಬುದನ್ನು ನೋಡಬೇಕು.

ನಾವು ಒಂದು ಸಾಲನ್ನು ಒಂದೇ ನೋಟಕ್ಕೆ ಓದುತ್ತೇವೆ. ಪ್ರೋಗ್ರಾಂಗೆ ಆ ಭಾಗ್ಯವಿಲ್ಲ. ಅದಕ್ಕೆ ಬರಹ ಎಂದರೆ ನಲ್ಲಿಯಿಂದ ತೊಟ್ಟಿಕ್ಕುವ ನೀರಿನ ಹಾಗೆ: ಒಂದು ಹನಿ, ಮತ್ತೊಂದು ಹನಿ. ಇದನ್ನು ಸ್ಟ್ರೀಮ್, ಅಂದರೆ ಹರಿವು ಎನ್ನುತ್ತಾರೆ. ಪ್ರತಿ ಹನಿಯೂ ಒಂದು ಬೈಟ್, ಅಂದರೆ 0ಯಿಂದ 255ರೊಳಗಿನ ಒಂದು ಸಂಖ್ಯೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ‘ಕ’ಕ್ಕೆ ಮೂರು ಬೇಕು: 224, 178, 149. ‘ಕ್ಷ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಆದರೆ ಪ್ರೋಗ್ರಾಂಗೆ ಅದು ಕ, ವಿರಾಮ ಚಿಹ್ನೆ ಮತ್ತು ಷ ಸೇರಿ ಒಂಬತ್ತು ಬೈಟ್. (ಎಸ್‌ಎಂಎಸ್‌ನಲ್ಲಿ ಬಳಸುವ ಲೆಕ್ಕ ಸ್ವಲ್ಪ ಬೇರೆ. ಆದರೆ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಒಂದು ಎಸ್‌ಎಂಎಸ್‌ಗೆ ಕನ್ನಡದಲ್ಲಿ 70 ಮಾತ್ರ ಹಿಡಿಸುವುದಕ್ಕೂ ಕಾರಣ ಇಂಥದ್ದೇ.)

ಆ ಕಪ್ಪು ಚುಕ್ಕೆಯ ಗುಟ್ಟು ಇಲ್ಲೇ ಇತ್ತು. ಕಾಣುತ್ತಿದ್ದುದು ಒಂದು ಚುಕ್ಕೆ, ಎರಡು ಪದ. ಅದರ ಹಿಂದೆ ಬರಹದ ದಿಕ್ಕು ತಿಳಿಸುವ, ಕಣ್ಣಿಗೆ ಕಾಣದ ಚಿಹ್ನೆಗಳು ಸಾವಿರಾರು ಇದ್ದವು. ಮುಟ್ಟಿದಾಗ ಆ್ಯಪ್ ಅವಷ್ಟನ್ನೂ ಲೆಕ್ಕ ಹಾಕಲು ಹೋಗಿ ಸುಸ್ತಾಗುತ್ತಿತ್ತು. ಆ್ಯಪ್ ಮುಚ್ಚಿ ಮತ್ತೆ ತೆರೆದರೆ ಸರಿಹೋಗುತ್ತಿತ್ತು. ಅದು ವೈರಸ್ ಅಲ್ಲ, ಯಾವ ಮಾಹಿತಿಯನ್ನೂ ಕದಿಯಲಿಲ್ಲ.

ಆದರೆ ಓದುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತೊಂದರೆಗಳಿವೆ. ಅವು ಎದ್ದು ಕಾಣುವುದು ಸಿ ಭಾಷೆಯಲ್ಲಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ ಭಾಷೆ ಇದು. ಹಳೆಯದು ಎಂದು ತಳ್ಳಿಹಾಕಬೇಡಿ, ನಿಮ್ಮ ಆಂಡ್ರಾಯ್ಡ್ ಫೋನಿನ ತಳಪಾಯವಾದ ಲಿನಕ್ಸ್ ಬಹುಪಾಲು ಸಿ ಭಾಷೆಯಲ್ಲೇ ಇದೆ.

ಸಿ ಭಾಷೆಯಲ್ಲಿ ಒಂದು ಬೈಟ್ ಓದಲು ‘ಗೆಟ್‌ಚಾರ್’ ಎಂಬ ಆಜ್ಞೆ ಇದೆ. ಕರೆದಾಗಲೆಲ್ಲ ಮುಂದಿನ ಬೈಟನ್ನು ತಂದುಕೊಡುತ್ತದೆ. ಬರಹ ಮುಗಿದಾಗ ಏನು ಕೊಡಬೇಕು? 0ಯಿಂದ 255ರವರೆಗಿನ ಎಲ್ಲ ಸಂಖ್ಯೆಗಳೂ ನಿಜವಾದ ಬೈಟ್‌ಗಳೇ ಆಗಿರಬಹುದು. ಹಾಗಾಗಿ ‘ಮುಗಿಯಿತು’ ಎನ್ನಲು ಆ ಗುಂಪಿಗೆ ಸೇರದ ಒಂದು ಸಂಖ್ಯೆ ಬೇಕು. ಸಾಮಾನ್ಯವಾಗಿ ಅದು –1. ಇದನ್ನು ಇಒಎಫ್ ಎನ್ನುತ್ತಾರೆ. ಒಟ್ಟು 257 ಬಗೆಯ ಉತ್ತರಗಳಾದವು. ಒಂದು ಬೈಟ್ ಹಿಡಿಸುವ ಡಬ್ಬಿಗೆ 256 ಮಾತ್ರ ಹಿಡಿಸುತ್ತದೆ. ಆದ್ದರಿಂದ ಉತ್ತರವನ್ನು ದೊಡ್ಡ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು. 1978ರಲ್ಲಿ ಬ್ರಯಾನ್ ಕರ್ನಿಗನ್ ಮತ್ತು ರಿಚಿ ಬರೆದ ಪುಸ್ತಕದ ಮೊದಲ ಅಧ್ಯಾಯದಲ್ಲೇ ಈ ಮಾತಿದೆ. ಆದರೂ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಎಡವುವುದು ಇಲ್ಲೇ.

ಚಿಕ್ಕ ಡಬ್ಬಿ ಬಳಸಿದರೆ ಆಗುವುದು ವಿಚಿತ್ರ. ಕೆಲವು ಕಂಪ್ಯೂಟರ್‌ಗಳಲ್ಲಿ ಆ ಡಬ್ಬಿಯೊಳಗೆ 255 ಮತ್ತು –1 ಒಂದೇ ರೀತಿ ಕಾಣುತ್ತವೆ. ಬೆಳಿಗ್ಗೆ ಬರುವ ‘ಶುಭೋದಯ’ ಫೋಟೊವನ್ನೇ ತೆಗೆದುಕೊಳ್ಳಿ. ಜೆಪೆಗ್ ಮಾದರಿಯ ಯಾವುದೇ ಫೋಟೊದ ಮೊಟ್ಟಮೊದಲ ಬೈಟ್ 255. ಎಡವಟ್ಟಾಗಿ ಬರೆದ ಪ್ರೋಗ್ರಾಂ ಅದನ್ನು ನೋಡಿ ‘ಫೈಲ್ ಮುಗಿಯಿತು’ ಎಂದು ಶುರುವಿನಲ್ಲೇ ಎದ್ದು ಹೋಗುತ್ತದೆ! ಆಂಡ್ರಾಯ್ಡ್ ಫೋನ್‌ಗಳಲ್ಲಿ ಹೆಚ್ಚಾಗಿ ಇರುವ ಆರ್ಮ್ ಚಿಪ್‌ಗಳಲ್ಲಿ ಇದೇ ಪ್ರೋಗ್ರಾಂ ತದ್ವಿರುದ್ಧವಾಗಿ ನಡೆಯುತ್ತದೆ. ಅಲ್ಲಿ ಚಿಕ್ಕ ಡಬ್ಬಿಯೊಳಗೆ ಋಣ ಸಂಖ್ಯೆಗೆ ಜಾಗವಿಲ್ಲ, –1 ಎಂಬುದು 255 ಆಗಿಬಿಡುತ್ತದೆ, ‘ಮುಗಿಯಿತು’ ಎಂಬ ಸುದ್ದಿ ಮುಟ್ಟುವುದೇ ಇಲ್ಲ. ಪ್ರೋಗ್ರಾಂ ಬರಿದಾದ ನಲ್ಲಿಗೆ ಕೈ ಒಡ್ಡಿಕೊಂಡು ಸುತ್ತುತ್ತಲೇ ಇರುತ್ತದೆ. ನಾವು ‘ಹ್ಯಾಂಗ್’ ಎನ್ನುವ ಸ್ಥಿತಿಗೆ ಇದೂ ಒಂದು ದಾರಿ.

ಇದು ಬರೀ ತಲೆನೋವು. ನಿಜವಾದ ಅಪಾಯ ಇರುವುದು ಓದಿದ್ದನ್ನು ತುಂಬಿಸಿಕೊಳ್ಳುವಾಗ.

ಸಿ ಭಾಷೆಯಲ್ಲಿ ‘ಗೆಟ್ಸ್’ ಎಂಬ ಇನ್ನೊಂದು ಆಜ್ಞೆ ಇತ್ತು. ಅದು ಒಂದು ಇಡೀ ಸಾಲನ್ನು ಓದಿ ಪಾತ್ರೆಗೆ ತುಂಬುತ್ತಿತ್ತು. ಪಾತ್ರೆ ಎಷ್ಟು ದೊಡ್ಡದು ಎಂದು ಕೇಳುತ್ತಲೇ ಇರಲಿಲ್ಲ. ನೀರಾದರೆ ಚೆಲ್ಲಿ ನೆಲಕ್ಕೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಹೆಚ್ಚಾದ ಬೈಟ್‌ಗಳು ಪಕ್ಕದ ಜಾಗದ ಮೇಲೆ ಬರೆಯಲ್ಪಡುತ್ತವೆ. ಆ ಪಕ್ಕದಲ್ಲಿ ‘ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು’ ಎಂಬ ವಿಳಾಸ ಇರುತ್ತದೆ. ಹೊರಗಿನವನು ಲೆಕ್ಕ ಹಾಕಿ ಉದ್ದದ ಸಾಲು ಕಳಿಸಿದರೆ ಆ ವಿಳಾಸವನ್ನೇ ಬದಲಿಸಿ, ಪ್ರೋಗ್ರಾಂ ತನ್ನ ಆಜ್ಞೆಗಳನ್ನು ಪಾಲಿಸುವಂತೆ ಮಾಡಬಹುದು. ಓದುವುದಕ್ಕೆಂದು ಬಂದ ಬರಹ ಅಲ್ಲಿಗೆ ಅಪ್ಪಣೆಯಾಗಿಬಿಡುತ್ತದೆ.

1988ರ ನವೆಂಬರ್ 2ರಂದು ಆದದ್ದು ಇದೇ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ಪ್ರೋಗ್ರಾಂ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿಯೇ ಹರಡಿತು. ಅದರ ದಾರಿಗಳಲ್ಲಿ ಒಂದು, 512 ಬೈಟ್‌ಗಳ ಪಾತ್ರೆಗೆ ‘ಗೆಟ್ಸ್’ ಮೂಲಕ ಓದುತ್ತಿದ್ದ ‘ಫಿಂಗರ್’ ಎಂಬ ಸೇವೆ. ಮೋರಿಸ್‌ನ ಪ್ರೋಗ್ರಾಂ ಅದಕ್ಕೆ 536 ಬೈಟ್ ಕಳಿಸಿತು. ಬರೀ 24 ಬೈಟ್ ಹೆಚ್ಚು, ಕನ್ನಡದಲ್ಲಾದರೆ ಎಂಟು ಅಕ್ಷರ. ಆಗ ಇಂಟರ್‌ನೆಟ್‌ನಲ್ಲಿ ಇದ್ದದ್ದೇ ಸುಮಾರು 60,000 ಕಂಪ್ಯೂಟರ್. ಅವುಗಳಲ್ಲಿ 6,000ದಷ್ಟಕ್ಕೆ ಸೋಂಕು ತಗುಲಿತು ಎಂಬುದು ಅಂದಿನ ಅಂದಾಜು. ಇಷ್ಟಾದ ಮೇಲೂ ‘ಗೆಟ್ಸ್’ ಅನ್ನು ಸಿ ಭಾಷೆಯ ಅಧಿಕೃತ ನಿಯಮಗಳಿಂದ ಕಿತ್ತುಹಾಕಿದ್ದು 2011ರಲ್ಲಿ. ಇಪ್ಪತ್ತಮೂರು ವರ್ಷ! ಈಗ ಅದರ ಬದಲು ಬಳಸುವ ‘ಎಫ್‌ಗೆಟ್ಸ್’ಗೆ ಪಾತ್ರೆಯ ಅಳತೆಯನ್ನು ಹೇಳಲೇಬೇಕು.

ಆಜ್ಞೆ ಹೋದರೂ ತಪ್ಪಿನ ಜಾತಿ ಹೋಗಿಲ್ಲ. 2019ರ ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್ ಕರೆಗಳ ಭಾಗದಲ್ಲಿ ಇಂಥದ್ದೇ ‘ತುಂಬಿ ಹರಿಯುವ’ ದೋಷ ಬಯಲಾಯಿತು. ಕರೆ ಬಂದರೆ ಸಾಕಿತ್ತು, ಎತ್ತಬೇಕಾಗಿಯೂ ಇರಲಿಲ್ಲ. ಪೆಗಾಸಸ್ ಗೂಢಚಾರಿಕೆ ತಂತ್ರಾಂಶವನ್ನು ಇದರ ಮೂಲಕ ಸುಮಾರು 1,400 ಜನರ ಫೋನ್‌ಗಳತ್ತ ಗುರಿಯಿಡಲಾಗಿತ್ತು, ಅವರಲ್ಲಿ ಭಾರತದ ಪತ್ರಕರ್ತರೂ ಹೋರಾಟಗಾರರೂ ಇದ್ದರು ಎಂದು ವಾಟ್ಸ್‌ಆ್ಯಪ್ ಆಮೇಲೆ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಎಂಪಿ4 ವಿಡಿಯೊ ಓದುವ ಭಾಗದಲ್ಲೂ ಒಂದು ದೋಷ ಸಿಕ್ಕಿತು, ತಿದ್ದಲಾಯಿತು.

ಅಂದರೆ ‘ಮೆಸೇಜಿನಿಂದ, ವಿಡಿಯೊದಿಂದ ಏನೂ ಆಗುವುದಿಲ್ಲ’ ಎನ್ನುವುದೂ ಪೂರ್ತಿ ಸರಿಯಲ್ಲ. ದೋಷ ಇರುವುದು ಓದುವ ಪ್ರೋಗ್ರಾಂನಲ್ಲಿ, ಬಂದ ಬರಹ ಅದನ್ನು ಬಳಸಿಕೊಳ್ಳುತ್ತದೆ ಅಷ್ಟೆ. ಹಾಗಾಗಿ ನಿಜವಾದ ಎಚ್ಚರಿಕೆಯಲ್ಲಿ ಯಾವ ಆ್ಯಪ್, ಯಾವ ಆವೃತ್ತಿ, ಯಾವ ಅಪ್‌ಡೇಟ್ ಹಾಕಿಕೊಳ್ಳಬೇಕು ಎಂಬುದು ಇರುತ್ತದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ ಐಫೋನ್‌ಗಳಲ್ಲಿ ಆ್ಯಪ್‌ಗಳನ್ನು ಕೆಡವುತ್ತಿತ್ತು. ಆ್ಯಪಲ್ ಕೆಲವೇ ದಿನಗಳಲ್ಲಿ 11.2.6 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿತು. ಅಲ್ಲಿ ತೊಡಕಿದ್ದದ್ದು ಅಕ್ಷರವನ್ನು ಓದುವುದರಲ್ಲಲ್ಲ, ತೆರೆಯ ಮೇಲೆ ಜೋಡಿಸಿ ತೋರಿಸುವುದರಲ್ಲಿ. ಪರಿಹಾರ ಮಾತ್ರ ಅದೇ: ಅಪ್‌ಡೇಟ್.

ಮಾರ್ಟಿನೆಲ್ಲಿ ಫಾರ್ವರ್ಡ್‌ನಲ್ಲಿ ಆವೃತ್ತಿಯ ಹೆಸರಿಲ್ಲ, ಅಪ್‌ಡೇಟ್ ಮಾತಿಲ್ಲ. ಇರುವುದು ‘ಎಲ್ಲರಿಗೂ ಕಳಿಸಿ’ ಮಾತ್ರ. ಅದು ಮತ್ತೆ ಬಂದರೆ ಮುಂದೆ ಕಳಿಸುವ ಬದಲು ಪ್ಲೇ ಸ್ಟೋರ್ ತೆರೆದು ವಾಟ್ಸ್‌ಆ್ಯಪ್‌ಗೆ ಅಪ್‌ಡೇಟ್ ಬಾಕಿ ಇದೆಯೇ ನೋಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ ಅಪ್‌ಡೇಟ್ ಕೂಡ ಒಮ್ಮೆ ನೋಡಿಬಿಡಿ. ಮನೆಯಲ್ಲಿ ಅಪ್ಪ ಅಮ್ಮನ ಫೋನ್‌ನಲ್ಲಿ ಅದು ತಿಂಗಳುಗಟ್ಟಲೆ ಬಾಕಿ ಉಳಿದಿರುವ ಸಾಧ್ಯತೆಯೇ ಹೆಚ್ಚು.